ತಮ್ಮ ಪೊಲೀಸರ ವಶದಲ್ಲಿ ತೀರಿಕೊಂಡ: ಹಣ ಪಡೆದರೆ ಪ್ರಕರಣ ಮುಗಿಯುತ್ತದೆಯೇ?

ಪ್ರಶ್ನೆ (ಒಬ್ಬ ಅಕ್ಕ, ಹಾವೇರಿ ಜಿಲ್ಲೆ)

ನನ್ನ ತಮ್ಮನಿಗೆ 31 ವರ್ಷ, ಗಾರೆ ಕೆಲಸ. ಪಂಪ್‌ಸೆಟ್ ಕಳವಿನ ವಿಚಾರಣೆ ಎಂದು ಸೋಮವಾರ ರಾತ್ರಿ ಊಟದ ತಟ್ಟೆಯ ಮುಂದಿನಿಂದ ಎಬ್ಬಿಸಿ ಕರೆದೊಯ್ದರು. ಬುಧವಾರ ಬೆಳಿಗ್ಗೆ ಎದೆನೋವಿನಿಂದ ಸತ್ತ ಎಂದರು. ಅವನ ಅಂಗಾಲು ಕಪ್ಪುಗಟ್ಟಿದ್ದನ್ನು ನಾನೇ ನೋಡಿದ್ದೇನೆ. ಮಣ್ಣು ಮಾಡಿ ಒಂಬತ್ತು ದಿನವಾಯಿತು. ಊರಿನ ಹಿರಿಯರೊಬ್ಬರು ಈಗ ಮೂರು ಲಕ್ಷದ ಮಾತು ತಂದಿದ್ದಾರೆ. 'ಸಾವಿನ ಬಗ್ಗೆ ಅನುಮಾನವಿಲ್ಲ' ಎಂಬ ಕಾಗದಕ್ಕೆ ತಮ್ಮನ ಹೆಂಡತಿ ಸಹಿ ಹಾಕಬೇಕಂತೆ. ಎರಡು ಮಕ್ಕಳು, ಮೇಲೆ ಸಂಘದ ಸಾಲ. ಹಣ ಪಡೆದರೆ ನ್ಯಾಯ ಹೋಗುತ್ತದೆಯೇ? ಬಿಟ್ಟರೆ ಮಕ್ಕಳ ಗತಿಯೇನು?

ಉತ್ತರ (ವಕೀಲ, ಧಾರವಾಡ)

ಅಮ್ಮಾ, ಸಹಿ ಬೇಡ. ಕೊಲೆಗೆ ಕಾನೂನಿನಲ್ಲಿ ರಾಜಿಯಿಲ್ಲ, ಯಾರೂ ಹಣ ಕೊಟ್ಟು ಅದನ್ನು ಮುಗಿಸಲಾರರು. ಆದರೆ ಆ ಕಾಗದ ನಾಳೆ ನಿಮ್ಮ ಎದುರೇ ಸಾಕ್ಷಿಯಾಗಿ ನಿಲ್ಲುತ್ತದೆ.

ವಶದಲ್ಲಿ ಸತ್ತರೆ ಪೊಲೀಸರ ತನಿಖೆಯ ಜೊತೆಗೆ ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಲೇಬೇಕು. ಇದು ಅಪರಾಧ ಪ್ರಕರಣಗಳ ವಿಚಾರಣೆಯ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 196ನೆಯ ಕಲಮು. ಅಲ್ಲಿ ಹಾಜರಿರುವ ಹಕ್ಕು ಹೆಂಡತಿ, ತಂದೆತಾಯಿಗಳಿಗೆ ಮಾತ್ರವಲ್ಲ, ಅಕ್ಕನಿಗೂ ಇದೆ. ನೀವು ಕಂಡ ಅಂಗಾಲಿನ ವಿಷಯವನ್ನು ಅಲ್ಲಿ ಹೇಳಿ ಬರೆಸಿರಿ. ಸುಡದೆ ಮಣ್ಣು ಮಾಡಿದ್ದು ಒಳ್ಳೆಯದಾಯಿತು, ಶವದ ಮರುಪರೀಕ್ಷೆಗೆ ದಾರಿ ಉಳಿದಿದೆ.

ಠಾಣೆಯ ಸಿಸಿಟಿವಿ ದೃಶ್ಯ ಉಳಿಸಬೇಕೆಂದು ಇಂದೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 2020ರಲ್ಲಿ ಸುಪ್ರೀಂ ಕೋರ್ಟ್ 18 ತಿಂಗಳು ಇಟ್ಟುಕೊಳ್ಳಬೇಕೆಂದು ಆದೇಶಿಸಿದೆ, ಆದರೂ ಕಾಯಬೇಡಿ.

ಪರಿಹಾರವನ್ನು ಸರ್ಕಾರದಿಂದ ಕೇಳಬೇಕು, ಊರ ಹಿರಿಯರಿಂದಲ್ಲ. ಒಡಿಶಾದ ನೀಲಾವತಿ ಬೆಹೆರಾ ಎಂಬ ತಾಯಿ ಸುಪ್ರೀಂ ಕೋರ್ಟಿಗೆ ಬರೆದದ್ದು ಒಂದು ಪತ್ರ. ಆಕೆಯ 22 ವರ್ಷದ ಮಗ ಹೊರಠಾಣೆಯಿಂದ ತಪ್ಪಿಸಿಕೊಂಡು ರೈಲಿಗೆ ಸಿಕ್ಕಿ ಸತ್ತ ಎಂದು ಪೊಲೀಸರು ಹೇಳಿದ್ದರು. ನ್ಯಾಯಾಲಯ ನಂಬಲಿಲ್ಲ. ಆ ಪತ್ರವನ್ನೇ ರಿಟ್ ಅರ್ಜಿಯಾಗಿ (ಮೂಲಭೂತ ಹಕ್ಕಿಗಾಗಿ ನೇರವಾಗಿ ಸಲ್ಲಿಸುವ ಅರ್ಜಿ) ಎತ್ತಿಕೊಂಡು 1993ರಲ್ಲಿ 1,50,000 ರೂಪಾಯಿ ಕೊಡಿಸಿತು, ತಪ್ಪಿತಸ್ಥರ ಮೇಲಿನ ಕ್ರಮಕ್ಕೆ ಇದು ಅಡ್ಡಿಯಲ್ಲ ಎಂದೂ ಹೇಳಿತು. ಈಗಿನ ಮೊತ್ತ ತಮ್ಮನ ವಯಸ್ಸು, ದುಡಿಮೆ, ಮಕ್ಕಳನ್ನು ನೋಡಿ ನಿಂತೀತು. ಇಂಥ ಅರ್ಜಿಗೆ ನಿಮಗೆ ಹೈಕೋರ್ಟಿನ ಧಾರವಾಡ ಪೀಠವೇ ಹತ್ತಿರ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಿರಿ, ವರ್ಷ ದಾಟಿದರೆ ಅವರು ಕೈಗೆತ್ತಿಕೊಳ್ಳುವಂತಿಲ್ಲ.

ಉತ್ತರ (ಬ್ಯಾಂಕಿನ ನಿವೃತ್ತ ನೌಕರೆ)

ನ್ಯಾಯಾಲಯದ ಹಣ ಬರಲು ವರ್ಷಗಳಾಗಬಹುದು, ಮಕ್ಕಳಿಗೆ ಈ ತಿಂಗಳೇ ಬೇಕು. ತಮ್ಮನ ಪಾಸ್‌ಬುಕ್ಕಿನಲ್ಲಿ 436 ರೂಪಾಯಿ ಕಡಿತ ಹುಡುಕಿ. ಇದ್ದರೆ ಅದು ಸರ್ಕಾರದ ಜೀವನ್ ಜ್ಯೋತಿ ವಿಮೆ, ಎರಡು ಲಕ್ಷ. ಸಾವು ಯಾವ ಕಾರಣದಿಂದ ಆಗಿದ್ದರೂ ಕೊಡುತ್ತಾರೆ, ಪ್ರಕರಣ ತೀರುವವರೆಗೆ ಕಾಯಬೇಕಿಲ್ಲ. ಗಾರೆ ಕೆಲಸದವರಾದ್ದರಿಂದ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇತ್ತೇ ನೋಡಿ. ಮರಣ ಪ್ರಮಾಣಪತ್ರದ ಐದಾರು ಪ್ರತಿ ತೆಗೆಸಿಡಿ.

ಪ್ರಶ್ನೆ ಕೇಳಿದವರು

ಹಿರಿಯರಿಗೆ ಆಗುವುದಿಲ್ಲ ಎಂದು ಹೇಳಿ ಬಂದೆವು. ಅರ್ಜಿ ಕೊಟ್ಟು ಮೊಹರು ಹಾಕಿಸಿಕೊಂಡಿದ್ದೇನೆ. ಪಾಸ್‌ಬುಕ್ ಅವನ ಕೆಲಸದ ಚೀಲದಲ್ಲಿ, ಕರಣೆಯ ಕೆಳಗೆ ಸಿಕ್ಕಿತು. ಮೇ ತಿಂಗಳಲ್ಲಿ 436 ಕಡಿತವಾಗಿದೆ. ವಾರಸುದಾರರ ಹೆಸರು ಅಮ್ಮನದಿದೆ, ಅವರು ಹೋಗಿ ಎರಡು ವರ್ಷವಾಯಿತು. ಅವನ ಹೆಂಡತಿ ಈಗ ಏನು ಕೊಡಬೇಕು?