ಘಾಟಿ ಹತ್ತುವಾಗ ಪಿಕಪ್ ಎಳೆಯುವುದಿಲ್ಲ: ಮೊದಲು ಎಂತ ನೋಡಬೇಕು?

ಪ್ರಶ್ನೆ, ಮಲ್ಪೆಯಿಂದ:
ಬಿಎಸ್4 ಕಾಮನ್ ರೈಲ್ ಡೀಸೆಲ್ ಪಿಕಪ್, ಟರ್ಬೊ ಉಂಟು. ಮೀನು, ಐಸ್ ಸೇರಿ 1.2 ಟನ್ ಲೋಡಿನಲ್ಲಿ ಹಾಸನಕ್ಕೆ ಹೋಗುವ ಗಾಡಿ. ಮಟ್ಟಸ ರಸ್ತೆಯಲ್ಲಿ ತೊಂದರೆ ಇಲ್ಲ. ಗುಂಡ್ಯ ದಾಟಿ ಶಿರಾಡಿ ಏರು ಶುರುವಾದ ಮೇಲೆ ಒಮ್ಮೆಲೇ ಪುಲ್ಲಿಂಗ್ ಹೋಗ್ತದೆ, ಚೆಕ್ ಲೈಟ್ ಹೊತ್ತಿಕೊಳ್ತದೆ. ಬದಿಗೆ ನಿಲ್ಲಿಸಿ ಕೀ ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಹೋಗ್ತದೆ, ಮತ್ತೆ ಅದೇ ಕಥೆ. ಒಬ್ಬರು ಪಂಪ್ ಬದಲಿಸಿ ಅಂತಾರೆ, ಇನ್ನೊಬ್ಬರು ಟರ್ಬೊ ಅಂತಾರೆ. ಗೊತ್ತಿದ್ದವರು ಹೇಳಿ.

ಡೀಸೆಲ್ ಪಂಪ್ ಕೆಲಸದವರು, ಬೈಕಂಪಾಡಿ:
ಅಣ್ಣ, ಪಂಪಿಗೆ ಈಗಲೇ ಕೈ ಹಾಕಿಸಬೇಡಿ. ಕೀ ಆಫ್ ಆನ್ ಮಾಡಿದರೆ ಸರಿಯಾಗ್ತದೆ ಅಂದರೆ ಗಾಡಿ ಲಿಂಪ್ ಮೋಡಿಗೆ ಹೋಗ್ತಾ ಉಂಟು. ಎಲ್ಲಿಯೋ ಅಳತೆ ತಪ್ಪಿದ್ದನ್ನು ನೋಡಿ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ತಾನೇ ಶಕ್ತಿ ಕಡಿಮೆ ಮಾಡ್ತದೆ. ಬ್ಯಾಟರಿ ವೈರ್ ತೆಗೆಯದೆ ಮೊದಲು ಸ್ಕ್ಯಾನರ್ ಹಾಕಿಸಿ, ಇಲ್ಲದಿದ್ದರೆ ಕೋಡ್ ಅಳಿದುಹೋಗಬಹುದು. ಪಿ0087 ಬಂದರೆ ರೈಲಿನಲ್ಲಿ, ಅಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿನಲ್ಲಿ, ಒತ್ತಡ ಸಾಲದು. ಪಿ0299 ಬಂದರೆ ಟರ್ಬೊ ಗಾಳಿ ಸಾಲದು. ಎರಡರ ದಾರಿಯೂ ಬೇರೆ.

ಹೊಗೆಯನ್ನೂ ನೋಡಿ. ಶಕ್ತಿ ಹೋಗುವ ಹೊತ್ತಿಗೆ ಕಪ್ಪು ಹೊಗೆ ಬಂದರೆ ಗಾಳಿ ಕಡಿಮೆ. ಹೊಗೆಯೇ ಇಲ್ಲದೆ ಸೊರಗಿದರೆ ಡೀಸೆಲ್ ಕಡಿಮೆ ಅಂತ ಮೊದಲು ಸಂಶಯ ಪಡಬೇಕು. ಐಡ್ಲಿಂಗಿಗೆ ಬೇಕಾದ ಡೀಸೆಲ್ ತುಂಬ ಸ್ವಲ್ಪ, ಅರ್ಧ ಕಟ್ಟಿದ ಫಿಲ್ಟರಿನಲ್ಲೂ ಅಷ್ಟು ಬರ್ತದೆ. ಲೋಡಿನಲ್ಲಿ ಏರು ಹತ್ತುವಾಗ ಅದರ ಹಲವು ಪಟ್ಟು ಬೇಕು, ಆಗ ಗುಟ್ಟು ಹೊರಗೆ ಬೀಳ್ತದೆ.

ಗಾಡಿ ರಾತ್ರಿ ನಿಂತ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಫಿಲ್ಟರ್ ಅಡಿಯ ಡ್ರೈನ್ ಸ್ಕ್ರೂ ಸಡಿಲಿಸಿ ಕಾಲು ಲೀಟರ್‌ನಷ್ಟು ಪಾರದರ್ಶಕ ಬಾಟಲಿಗೆ ಬಿಡಿ. ಹತ್ತು ನಿಮಿಷ ಅಲುಗಾಡಿಸದೆ ಇಡಿ. ನೀರಿದ್ದರೆ ಡೀಸೆಲ್ ಮೇಲೆ ನಿಂತು ಅಡಿಯಲ್ಲಿ ಬೇರೆಯೇ ಗೆರೆ ಕಾಣ್ತದೆ, ಬಾಟಲಿ ಓರೆ ಮಾಡಿದರೆ ನೀರು ಗುಂಡು ಗುಂಡಾಗಿ ಉರುಳ್ತದೆ.

ಟರ್ಬೊ ಕೆಲಸದವರು, ಉಡುಪಿ:
ಕೋಡ್ ಪಿ0299 ಆದರೆ ಟರ್ಬೊ ಬಿಚ್ಚುವ ಮೊದಲು ಹೋಸ್ ನೋಡಿ. ಟರ್ಬೊದಿಂದ ಇಂಟರ್‌ಕೂಲರಿಗೆ (ಗಾಳಿ ತಂಪು ಮಾಡುವ ಜಾಲರಿ), ಅಲ್ಲಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸ್ ಹೆಚ್ಚಾಗಿ ಅಡಿಬದಿಯಲ್ಲಿ, ಕ್ಲಿಪ್ಪಿನ ಹತ್ತಿರ ಸೀಳ್ತದೆ. ನಿಂತ ಗಾಡಿಯಲ್ಲಿ ಸೀಳು ಮುಚ್ಚಿಕೊಂಡಿರ್ತದೆ, ಒತ್ತಡ ಬಂದಾಗ ಮಾತ್ರ ಬಾಯಿ ಬಿಡ್ತದೆ. ಕಣ್ಣಿಗೆ ಬೀಳುವುದು ಎಣ್ಣೆಗೆ ಅಂಟಿದ ಕಪ್ಪು ಧೂಳು. ಟರ್ಬೊ ಒಳಬಾಯಿ ಮುಚ್ಚಿ 1 ಬಾರ್‌ಗಿಂತ ಹೆಚ್ಚಾಗದ ಗಾಳಿ ಕೊಟ್ಟು ಸೋಪು ನೀರು ಹಚ್ಚಿದರೆ ಗುಳ್ಳೆ ತೋರಿಸ್ತದೆ.

ಮತ್ತೆ ಆಕ್ಚುಯೇಟರ್, ಅಂದರೆ ಟರ್ಬೊ ಗಾಳಿ ಹೆಚ್ಚು ಕಡಿಮೆ ಮಾಡುವ ರಾಡನ್ನು ಅಲುಗಿಸುವ ಡಬ್ಬಿ. ವ್ಯಾಕ್ಯೂಮಿನಲ್ಲಿ ನಡೆಯುವ ವೇರಿಯಬಲ್ ಟರ್ಬೊ ಆದರೆ ಇಂಜಿನ್ ಸ್ಟಾರ್ಟ್ ಆದ ಕೂಡಲೇ ರಾಡ್ ಎಳೆದುಕೊಳ್ಳಬೇಕು. ಒತ್ತಡದಲ್ಲಿ ನಡೆಯುವ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೊ ಬದಿಯಿಂದ ಹೊರಬಿಡುವ ಬಾಗಿಲು) ಆದರೆ ಐಡ್ಲಿಂಗಿನಲ್ಲಿ ಅಲುಗುವುದಿಲ್ಲ, ಅದು ಹಾಳಾದದ್ದಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೆಯ ಟರ್ಬೊ ಬದಲಿಸುವವರಿದ್ದಾರೆ. ಮೀನಿನ ಗಾಡಿಗೆ ಇಲಿ ಬರುವುದು ಜಾಸ್ತಿ, ಸಣ್ಣ ವ್ಯಾಕ್ಯೂಮ್ ಪೈಪ್ ಕಡಿದಿದೆಯಾ ಅಂತ ಉದ್ದಕ್ಕೂ ಬೆರಳಾಡಿಸಿ ನೋಡಿ. ಹೊಗೆಯ ಸ್ವಲ್ಪ ಭಾಗವನ್ನು ಪುನಃ ಇಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ಕಾರ್ಬನ್ ಹಿಡಿದು ತೆರೆದೇ ಉಳಿದರೂ ಕಪ್ಪು ಹೊಗೆ ಬರ್ತದೆ. ಬಿಚ್ಚಿ ತೊಳೆಯಿರಿ, ಹೊಸ ಗ್ಯಾಸ್ಕೆಟ್ ಹಾಕಿ, ತಗಡಿಟ್ಟು ಮುಚ್ಚಬೇಡಿ.

ಮೀನಿನ ಗಾಡಿಗಳ ಮೆಕ್ಯಾನಿಕ್, ಮಂಗಳೂರು ಬಂದರು:
ಇಬ್ಬರೂ ಹೇಳದ್ದು ಒಂದುಂಟು, ಉಪ್ಪುನೀರು. ಐಸ್ ಕರಗಿದ ಮೀನಿನ ನೀರು ಚಾಸಿ ಮೇಲೆ ಇಳಿದು ವೈರಿಂಗ್ ಕನೆಕ್ಟರ್‌ಗಳಿಗೆ ಸೇರ್ತದೆ. ಪಿನ್ ಹಸಿರು ಹಿಡಿದರೆ ಸೆನ್ಸರ್ ಒಳ್ಳೆಯದಿದ್ದರೂ ತಪ್ಪು ಲೆಕ್ಕ ಹೋಗ್ತದೆ. ರೈಲ್ ಪ್ರೆಶರ್ ಸೆನ್ಸರ್, ಬೂಸ್ಟ್ ಸೆನ್ಸರ್ ಕನೆಕ್ಟರ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಉಪ್ಪುಕಾಗದದಲ್ಲಿ ಉಜ್ಜಬೇಡಿ, ಲೇಪ ಹೋಗ್ತದೆ.

ಬ್ರೇಕ್ ಹಿಡಿದುಕೊಂಡರೆ ಚೆಕ್ ಲೈಟ್ ಬರುವುದಿಲ್ಲ, ಆದರೂ ಜಾಕ್ ಕೊಟ್ಟು ನಾಲ್ಕೂ ಚಕ್ರ ತಿರುಗಿಸಿ ನೋಡಿ. ತುಕ್ಕು ಹಿಡಿದ ಹ್ಯಾಂಡ್‌ಬ್ರೇಕ್ ಕೇಬಲ್ ಗಾಡಿಯನ್ನು ಹಿಂದಕ್ಕೆ ಎಳೀತದೆ.

ಮಲ್ಪೆಯಿಂದ:
ಕೋಡ್ ಪಿ0087. ಹೊಗೆ ಇಲ್ಲ. ಬಾಟಲಿಯ ಅಡಿಯಲ್ಲಿ ಒಂದು ಬೆರಳು ದಪ್ಪ ನೀರು, ಸ್ವಲ್ಪ ಕೆಂಪು ಮಣ್ಣಿನಂತಹ ಕಸ.

ಡೀಸೆಲ್ ಪಂಪ್ ಕೆಲಸದವರು, ಬೈಕಂಪಾಡಿ:
ಆ ಕೆಂಪು ತುಕ್ಕಿರಬೇಕು. ಹಾಗಾದರೆ ಫಿಲ್ಟರ್ ಮಾತ್ರ ಬದಲಿಸಿದರೆ ಮತ್ತೆ ಅದೇ ಬರ್ತದೆ. ಟ್ಯಾಂಕ್ ಇಳಿಸಿ ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಿಸಿ. ಟ್ಯಾಂಕಿನೊಳಗಿನ ಡೀಸೆಲ್ ಮೀಟರ್ ಯೂನಿಟ್ಟಿನ ಜಾಲರಿ ಕಟ್ಟಿದೆಯಾ ನೋಡಿ. ಟ್ಯಾಂಕ್ ಮುಚ್ಚಳದ ವಾಷರ್ ಹಾಳಾಗಿದ್ದರೆ ನಮ್ಮ ಮಳೆಗೆ ನೀರು ಅಲ್ಲಿಂದಲೇ ಇಳೀತದೆ. ರಾತ್ರಿ ಟ್ಯಾಂಕ್ ಅರ್ಧ ಖಾಲಿ ಇಟ್ಟರೆ ಒಳಗಿನ ಗಾಳಿಯ ತೇವವೂ ಬೆವರಾಗಿ ಕೂತುಕೊಳ್ತದೆ.

ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿಯಬೇಡಿ, ಸೋಸದ ಡೀಸೆಲ್ ನೇರ ಪಂಪಿಗೆ ಹೋಗ್ತದೆ. ಖಾಲಿ ಜೋಡಿಸಿ, ಕೈಪಂಪ್ ಗಟ್ಟಿಯಾಗುವವರೆಗೆ ಒತ್ತಿ ಏರ್ ತೆಗೆಯಿರಿ. ಹಳೇ ಪಂಪಿನ ಅಭ್ಯಾಸದಲ್ಲಿ ಇಂಜಿನ್ ಓಡುವಾಗ ಏರ್ ತೆಗೆಯಲು ನಾಜಲ್ (ಇಂಜೆಕ್ಟರ್) ಪೈಪ್ ಸಡಿಲಿಸುವವರಿದ್ದಾರೆ, ದಯವಿಟ್ಟು ಮಾಡಬೇಡಿ. ಅಲ್ಲಿನ ಒತ್ತಡ ಲೋಡಿನಲ್ಲಿ 1000 ಬಾರ್ ಮೀರ್ತದೆ, ಐಡ್ಲಿಂಗಿನಲ್ಲೂ 200 ಬಾರ್‌ಗಿಂತ ಹೆಚ್ಚು. ಡೀಸೆಲ್ ಚರ್ಮ ತೂತು ಮಾಡಿ ಒಳಗೆ ಹೋಗ್ತದೆ.

ಮತ್ತೆ ಕೋಡ್ ಅಳಿಸಿ, ಲೋಡ್ ಹಾಕಿ, ಇಂದ್ರಾಳಿಯಿಂದ ಮಣಿಪಾಲದ ಏರು ಹತ್ತಿಸಿ. ಸ್ಕ್ಯಾನರಿನಲ್ಲಿ ಇಸಿಯು ಕೇಳಿದ ರೈಲ್ ಒತ್ತಡ, ಸಿಕ್ಕಿದ ಒತ್ತಡ ಎರಡನ್ನೂ ಪಕ್ಕದಲ್ಲಿ ಕೂತವರು ನೋಡಲಿ. ಸಿಕ್ಕಿದ್ದು ಆಗಲೂ ಹಿಂದೆ ಬಿದ್ದರೆ ನಾಲ್ಕು ಇಂಜೆಕ್ಟರ್‌ಗಳ ರಿಟರ್ನ್ ಪೈಪಿಗೆ ನಾಲ್ಕು ಬಾಟಲಿ ಕಟ್ಟಿ ಐಡ್ಲಿಂಗಿನಲ್ಲಿ ಬಿಡಿ. ಉಳಿದವಕ್ಕಿಂತ ಬೇಗ ತುಂಬುವ ಬಾಟಲಿಯ ಇಂಜೆಕ್ಟರ್ ಸೋರ್ತದೆ. ನಾಲ್ಕೂ ಸಮ, ಅದೂ ಕಡಿಮೆ ಇದ್ದರೆ ಪ್ರೆಶರ್ ಕಂಟ್ರೋಲ್ ವಾಲ್ವ್, ಕೊನೆಗೆ ಪಂಪ್.

ಹಳೇ ಫಿಲ್ಟರ್ ಬಿಸಾಡಬೇಡಿ. ಕತ್ತರಿಸಿ ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಈ ಪಂಪಿಗೆ ಡೀಸೆಲ್ಲೇ ಆಯಿಲ್, ನೀರು ಹೋದರೆ ಒಳಗೆ ಲೋಹ ಸವೀತದೆ. ಪಂಪಿನಿಂದ ಮರಳುವ ಡೀಸೆಲ್ ಟ್ಯಾಂಕಿಗೆ ಹೋಗಿ ಪುನಃ ಫಿಲ್ಟರಿಗೇ ಬರುವ ಕಾರಣ ಆ ಪುಡಿ ಕಾಗದದಲ್ಲಿ ಸಿಕ್ಕಿಕೊಳ್ತದೆ. ತುಕ್ಕು ಮಾತ್ರ ಕಂಡರೆ ಮೇಲಿನ ಕೆಲಸ ಸಾಕು. ಬೆಳ್ಳಿಯಂತೆ ಮಿನುಗುವ ಪುಡಿ ಕಂಡರೆ ಗಾಡಿ ಸ್ಟಾರ್ಟ್ ಮಾಡಬೇಡಿ, ಕಟ್ಟಿ ಎಳೆದುಕೊಂಡು ಬನ್ನಿ.