ಅಪ್‌ಡೇಟ್: ಉತ್ತರ ಬಾರದ ಪ್ರಾರ್ಥನೆಯ ಬಗ್ಗೆ ಕೇಳಿದ್ದೆ

ಎಲ್ಲರಿಗೂ ವಂದನೆ. ವಾಸಿಯಾಗದ ಕಾಯಿಲೆಗಾಗಿ ಪ್ರಾರ್ಥಿಸುತ್ತಲೇ ಇರಬೇಕೇ, ಉತ್ತರ ಬಾರದಿದ್ದರೆ ವಿಶ್ವಾಸ ಸಾಲದೆಂದೇ ಅರ್ಥವೇ ಎಂದು ಕೇಳಿದ್ದೆ. ನಿಮ್ಮ ಉತ್ತರಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಬೈಬಲಿನ 13ನೇ ಕೀರ್ತನೆ.

ಇರುವುದು ಆರೇ ವಚನ. ಮೊದಲ ಎರಡರಲ್ಲಿ ದಾವೀದ 'ಎಷ್ಟರವರೆಗೆ' ಎಂದು ನಾಲ್ಕು ಸಲ ಕೇಳುತ್ತಾನೆ. 3, 4ರಲ್ಲಿ ಬೇಡಿಕೆ. 5, 6ರಲ್ಲಿ ಭರವಸೆ. ಪ್ರಾರ್ಥಿಸುವಾಗಲೂ ಇದೇ ಕ್ರಮ: ದೂರನ್ನು ಪೂರ್ತಿ ಹೇಳಿ, ಒಂದೇ ಒಂದು ಸಂಗತಿಯನ್ನು ಹೆಸರಿಟ್ಟು ಬೇಡಿ, ಆಮೇಲಷ್ಟೇ ಭರವಸೆಯ ಮಾತು. ಎಡವುವುದು ಇಲ್ಲೇ. ದೂರು ಹೇಳುವುದೇ ಪಾಪವೆಂದು ಹೆದರಿ ನೇರ 5ನೇ ವಚನಕ್ಕೆ ಹಾರುತ್ತೇವೆ. ನೋವು ಒಳಗೇ ಉಳಿಯುತ್ತದೆ, ಸ್ತೋತ್ರ ಬರೀ ಬಾಯಿಮಾತಾಗುತ್ತದೆ. ಭರವಸೆಯ ಮಾತು ಬಾರದ ದಿನಕ್ಕೆ 88ನೇ ಕೀರ್ತನೆಯಿದೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ದೇವರನ್ನು ಕರೆಯುವುದನ್ನು ಬಿಡುವುದಿಲ್ಲ. ನನ್ನ ಮಟ್ಟಿಗೆ ಗಟ್ಟಿ ವಿಶ್ವಾಸವೆಂದರೆ ಅದೇ.

ವಿಶ್ವಾಸ ಸಾಲದೆಂಬ ಮಾತಿಗೆ 2 ಕೊರಿಂಥ 12 (ಕೊರಿಂಥದವರಿಗೆ ಅಪೊಸ್ತಲ ಪೌಲ ಬರೆದ ಎರಡನೇ ಪತ್ರದ 12ನೇ ಅಧ್ಯಾಯ) ಸಾಕು. ಪೌಲನು ತನ್ನನ್ನು ಕಾಡುತ್ತಿದ್ದ 'ಶರೀರದ ಮುಳ್ಳು' ಎಂಬ ಬಾಧೆ ಹೋಗಲೆಂದು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ಕೃಪೆ ಸಾಕೆಂಬ ಉತ್ತರ ಬಂತು. ಔಷಧಿ ಮಾತ್ರ ಖಂಡಿತ ನಿಲ್ಲಿಸಬೇಡಿ: ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದವನೂ ಪೌಲನೇ.

ರೋಗಿಯನ್ನು ನೋಡಲು ಹೋಗುವವರು ಬೈಬಲಿನ ಯೋಬನ ಪುಸ್ತಕದ 2:13 ಓದಿಕೊಂಡು ಹೋಗಲಿ. ನರಳುತ್ತಿದ್ದ ಯೋಬನ ಗೆಳೆಯರು ಏಳು ದಿನ ಸುಮ್ಮನೆ ಜೊತೆಗೆ ಕೂತರು. ಕೆಟ್ಟದ್ದು ಅವರು ಕಾರಣ ವಿವರಿಸಲು ಬಾಯಿ ತೆರೆದ ಮೇಲೆ.