ಸ್ಟ್ಯಾಕ್ ಪ್ರೊಸೆಸರ್ ಒಂದು, ಪ್ರೋಗ್ರಾಂ ಎಂಟು: ಚಿಪ್ ವಿನ್ಯಾಸಕರೊಬ್ಬರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ, ಹಾಸನ

ಸರ್, ನಮಸ್ಕಾರ. ಪ್ರಾಜೆಕ್ಟಿಗಾಗಿ ಫೋರ್ತ್ ಭಾಷೆಯನ್ನು ಓಡಿಸುವ 16 ಬಿಟ್ ಸ್ಟ್ಯಾಕ್ ಪ್ರೊಸೆಸರ್ ಒಂದನ್ನು ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ಕಟ್ಟಿಕೊಳ್ಳಬಹುದಾದ ಚಿಪ್) ಮೇಲೆ ಕಟ್ಟುತ್ತಿದ್ದೇನೆ. ಜೇಮ್ಸ್ ಬೋಮನ್ ಅವರ ಜೆ1 ವಿನ್ಯಾಸವೇ ಮಾದರಿ. ಕಾಲೇಜಿನಲ್ಲಿರುವುದು ಹಳೆಯ ಸ್ಪಾರ್ಟನ್-3ಇ ಬೋರ್ಡ್. ಒಂದು ಪ್ರೋಗ್ರಾಂ ಸರಿಯಾಗಿ ಓಡುತ್ತಿದೆ. ಈಗ ನಮ್ಮ ಮಾರ್ಗದರ್ಶಕರು, "ಸ್ಟ್ಯಾಕ್ ಪ್ರೊಸೆಸರ್ ಕಾಲ ಮುಗಿದು ಎಷ್ಟೋ ವರ್ಷವಾಯಿತು, ಇದರಲ್ಲಿ ಹೊಸದೇನಿದೆ? ವರ್ಚುವಲೈಸೇಶನ್ ಸೇರಿಸು, ಆಗ ನೋಡೋಣ" ಎಂದಿದ್ದಾರೆ. ಹಲವು ಪ್ರೋಗ್ರಾಂಗಳು ಒಂದನ್ನೊಂದು ಮುಟ್ಟದೆ, ಯಂತ್ರವೆಲ್ಲ ತನ್ನದೇ ಎಂಬಂತೆ ಓಡಬೇಕಂತೆ. ಉಳಿದಿರುವುದು ಆರು ವಾರ. ಇದು ಆಗುವ ಕೆಲಸವೇ?

ಉತ್ತರ:

ಆಗುತ್ತದೆ. ಮೊದಲು ನಿಮ್ಮ ಮಾರ್ಗದರ್ಶಕರ ಮೊದಲನೆಯ ಮಾತು. ಕಾಲ ಮುಗಿದದ್ದು ದೊಡ್ಡ ಪ್ರೊಸೆಸರ್‌ಗಳ ಮಟ್ಟಿಗೆ ನಿಜ. ಸ್ಟ್ಯಾಕ್ ಎಂದರೆ ಮೌಲ್ಯಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲಿನ ತುದಿಯಿಂದಲೇ ತೆಗೆಯುವ ರಾಶಿ. ಅದರಲ್ಲಿ ಪ್ರತಿಯೊಂದು ಇನ್‌ಸ್ಟ್ರಕ್ಷನ್ನೂ ತುದಿಯ ಮೌಲ್ಯವನ್ನೇ ಮುಟ್ಟುತ್ತದೆ. ಹಿಂದಿನದು ಮುಗಿಯದೆ ಮುಂದಿನದಕ್ಕೆ ಕೈಹಾಕುವಂತಿಲ್ಲ. ಒಂದೇ ಕ್ಲಾಕಿನಲ್ಲಿ (ಚಿಪ್ಪಿನ ಒಂದು ಮಿಡಿತದಲ್ಲಿ) ನಾಲ್ಕಾರು ಇನ್‌ಸ್ಟ್ರಕ್ಷನ್ ಮುಗಿಸಲು ಹೊರಟವರಿಗೆ ಇದು ಕಾಲಿಗೆ ಕಟ್ಟಿದ ಗುಂಡು. ಆದರೆ ಚಿಕ್ಕ ಯಂತ್ರಕ್ಕೆ ಈ ಚಿಂತೆಯೇ ಇಲ್ಲ. ನೀವು ನೋಡುತ್ತಿರುವ ಜೆ1ರ ವೆರಿಲಾಗ್ (ಚಿಪ್ ವಿನ್ಯಾಸವನ್ನು ಬರೆಯುವ ಭಾಷೆ) ಕೋಡ್ 200 ಸಾಲಿನೊಳಗೆ ಮುಗಿಯುತ್ತದೆ. ಹ್ಯಾರಿಸ್ ಕಂಪನಿಯ ಆರ್‌ಟಿಎಕ್ಸ್ 2010 ಎಂಬ ಫೋರ್ತ್ ಪ್ರೊಸೆಸರ್ 2014ರ ನವೆಂಬರಿನಲ್ಲಿ ಫಿಲೇ ನೌಕೆಯೊಳಗೆ ಕುಳಿತು ಧೂಮಕೇತುವಿನ ಮೇಲೆ ಇಳಿಯಿತು. ಕಾಲ ಮುಗಿದದ್ದರ ಮಟ್ಟಿಗೆ ಸಾಕಷ್ಟು ದೂರವೇ ಹೋಗಿದೆ.

ಅಂದ ಹಾಗೆ, ಫೋರ್ತ್ ತಲೆಕೆಳಗಾದ ಭಾಷೆ ಎಂದು ಪಾಶ್ಚಾತ್ಯ ಪಠ್ಯಗಳೆಲ್ಲ ಗೋಳಾಡುತ್ತವೆ. ಕನ್ನಡದವರಿಗೆ ಹಾಗೆ ಅನ್ನಿಸಲು ಕಾರಣವೇ ಇಲ್ಲ. "ಎರಡಕ್ಕೆ ಮೂರನ್ನು ಕೂಡಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ" ಎನ್ನುವಾಗ ಕ್ರಿಯಾಪದ ಕೊನೆಗೇ ಬರುತ್ತದೆ. 2 3 + 4 * ಎಂಬುದು ಅದೇ ವಾಕ್ಯ. ನಾನು ತರಬೇತಿಯಲ್ಲಿ ಇದನ್ನು ಹೀಗೆಯೇ ಹೇಳಿಕೊಡುತ್ತೇನೆ. ಎರಡನೆಯ ಬಾರಿ ಹೇಳುವ ಪ್ರಸಂಗ ಬಂದಿಲ್ಲ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಸ್ಟ್ಯಾಕ್ ಯಂತ್ರವನ್ನು ಕಟ್ಟುವುದು ಸುಲಭ, ಹಂಚುವುದು ಕಷ್ಟ. ಮೌಲ್ಯಗಳನ್ನು ರಿಜಿಸ್ಟರ್ ಎಂಬ ಹೆಸರಿಟ್ಟ ಗೂಡುಗಳಲ್ಲಿಡುವ ಯಂತ್ರದಲ್ಲಿ ಹದಿನಾರೋ ಮೂವತ್ತೆರಡೋ ರಿಜಿಸ್ಟರ್ ಬರೆದಿಟ್ಟರೆ ಪ್ರೋಗ್ರಾಮಿನ ಸ್ಥಿತಿ ಕೈಗೆ ಬಂದಂತೆ. ನಿಮ್ಮ ಯಂತ್ರದಲ್ಲಿ ಸ್ಥಿತಿಯೆಂದರೆ ಸ್ಟ್ಯಾಕೇ. ಅದರಲ್ಲಿ ಈ ಕ್ಷಣ ಎಷ್ಟು ಮೌಲ್ಯಗಳಿವೆ ಎಂಬುದು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಇನ್ನೊಂದು ಪ್ರೋಗ್ರಾಮಿಗೆ ಹೊರಳುವಾಗಲೆಲ್ಲ ಅಷ್ಟನ್ನೂ ಒಂದೊಂದಾಗಿ ತೆಗೆದು ಮೆಮೊರಿಗೆ ಸಾಗಿಸುವುದು ಎಂದರೆ ಮನೆ ಬದಲಿಸಿದ ಹಾಗೆ. ದಿನಕ್ಕೊಂದು ಸಲ ಸರಿ, ಸೆಕೆಂಡಿಗೆ ಸಾವಿರ ಸಲ ಆಗದು.

ಆದ್ದರಿಂದ ಸಾಗಿಸಬೇಡಿ. ಮೌಲ್ಯಗಳು ಇದ್ದಲ್ಲೇ ಇರಲಿ, ಯಂತ್ರ ನೋಡುವ ಜಾಗ ಬದಲಾಗಲಿ. ನಿಮ್ಮ ಬೋರ್ಡಿನ ಚಿಪ್ಪಿನೊಳಗೇ ಇರುವ ಮೆಮೊರಿಯ ತುಂಡು, ಅಂದರೆ ಒಂದು ಬ್ಲಾಕ್ ರ‍್ಯಾಮ್ 18 ಕಿಲೋಬಿಟ್. ಅದನ್ನು 18 ಬಿಟ್ ಅಗಲದ 1024 ಪದಗಳಾಗಿ ಇಟ್ಟುಕೊಳ್ಳಬಹುದು. ಹತ್ತು ಬಿಟ್ ವಿಳಾಸದಲ್ಲಿ ಮೇಲಿನ ಮೂರು ಬಿಟ್ ಟಾಸ್ಕ್ (ಓಡುವ ಒಂದು ಪ್ರೋಗ್ರಾಂ) ಸಂಖ್ಯೆ, ಕೆಳಗಿನ ಏಳು ಬಿಟ್ ಸ್ಟ್ಯಾಕಿನ ತುದಿಯನ್ನು ತೋರಿಸುವ ಸ್ಟ್ಯಾಕ್ ಪಾಯಿಂಟರ್. ಎಂಟು ಟಾಸ್ಕ್, ಪ್ರತಿಯೊಂದಕ್ಕೂ 128 ಪದಗಳ ಆಳ. ಹಿಂತಿರುಗುವ ವಿಳಾಸಗಳನ್ನಿಡುವ ಎರಡನೆಯ ಸ್ಟ್ಯಾಕಿಗೆ ಇಂಥದೇ ಇನ್ನೊಂದು ಬ್ಲಾಕ್. ಮೂವತ್ತೆರಡು ಟಾಸ್ಕ್ ಮಾಡುವ ಆಸೆ ಬರುತ್ತದೆ, ಬೇಡ. ಜೆ1ರ ಜಂಪ್ ವಿಳಾಸ 13 ಬಿಟ್, ಅಂದರೆ ಕೋಡಿಗೆ ಒಟ್ಟು 8192 ಪದ. ಎಂಟಕ್ಕೆ ಹಂಚಿದರೆ ತಲಾ 1024 ಸಿಗುತ್ತದೆ, ಮೂವತ್ತೆರಡಕ್ಕೆ ಹಂಚಿದರೆ ತಲಾ 256. ಅಷ್ಟರಲ್ಲಿ ಒಂದು ಫೋರ್ತ್ ಪ್ರೋಗ್ರಾಂ ಕೈಕಾಲು ಚಾಚುವುದಿಲ್ಲ.

ಇದರಲ್ಲಿ ಒಂದು ಪುಕ್ಕಟೆ ಲಾಭವಿದೆ. ಏಳು ಬಿಟ್ ಪಾಯಿಂಟರ್ 127 ದಾಟಿದರೆ ಸೊನ್ನೆಗೆ ಸುತ್ತಿ ಬರುತ್ತದೆ. ಪ್ರೋಗ್ರಾಂ ಎಷ್ಟೇ ತುಂಬಿಸಲಿ, ಎಷ್ಟೇ ಬರಿದು ಮಾಡಲಿ, ಅದು ಹಾಳುಮಾಡುವುದು ತನ್ನ ಮನೆಯನ್ನೇ. ಪಕ್ಕದ ಟಾಸ್ಕಿನ ಗೋಡೆಗೆ ಗೀರು ಕೂಡ ಬೀಳುವುದಿಲ್ಲ, ಕಾವಲಿಗೆ ಒಂದು ಗೇಟೂ ಖರ್ಚಾಗುವುದಿಲ್ಲ. ಗ್ರೀನ್‌ಅರೇಸ್‌ನ ಜಿಎ144 ಚಿಪ್ಪಿನಲ್ಲಿ ಫೋರ್ತ್ ಜನಕ ಚಕ್ ಮೂರ್ ಸ್ಟ್ಯಾಕುಗಳನ್ನು ಹೀಗೆ ಸುತ್ತುವಂತೆಯೇ ಮಾಡಿದ್ದಾರೆ.

ಒಂದು ಜಾಗದಲ್ಲಿ ಎಚ್ಚರ. ಜೆ1ರಲ್ಲಿ ತುದಿಯ ಮೌಲ್ಯ ಪ್ರತ್ಯೇಕ ರಿಜಿಸ್ಟರಿನಲ್ಲಿರುತ್ತದೆ. ಎರಡನೆಯದನ್ನು ಸ್ಟ್ಯಾಕ್ ಮೆಮೊರಿಯಿಂದ ಅದೇ ಕ್ಲಾಕಿನಲ್ಲಿ ಓದಲಾಗುತ್ತದೆ. ಬ್ಲಾಕ್ ರ‍್ಯಾಮ್ ಹಾಗೆ ಓದಗೊಡುವುದಿಲ್ಲ, ವಿಳಾಸವನ್ನು ಕ್ಲಾಕಿಗೆ ಮುಂಚೆಯೇ ಕೇಳುತ್ತದೆ. ಹೆದರಬೇಡಿ, ಮುಂದಿನ ಪಾಯಿಂಟರ್ ಮೌಲ್ಯ ನಿಮಗೆ ಈ ಕ್ಲಾಕಿನಲ್ಲೇ ಗೊತ್ತಿರುತ್ತದೆ. ಅದನ್ನೇ ವಿಳಾಸವಾಗಿ ಕೊಟ್ಟು, ರ‍್ಯಾಮನ್ನು "ಮೊದಲು ಬರೆ, ಬರೆದದ್ದನ್ನೇ ತೋರಿಸು" ಎಂಬ ವಿಧಾನದಲ್ಲಿ ಇಡಿ. ಬೇಕಾದ ಮೌಲ್ಯ ಸಮಯಕ್ಕೆ ಸರಿಯಾಗಿ ಬಂದಿರುತ್ತದೆ.

ಟಾಸ್ಕ್ ಬದಲಿಸುವಾಗ ತುದಿಯ ಮೌಲ್ಯವನ್ನು ಆಯಾ ಸ್ಟ್ಯಾಕಿಗೆ ತಳ್ಳಿ, ಮುಂದೆ ಓಡಬೇಕಾದ ವಿಳಾಸವನ್ನು ಎರಡನೆಯ ಸ್ಟ್ಯಾಕಿಗೆ ತಳ್ಳಿ, ಎರಡು ಪಾಯಿಂಟರ್‌ಗಳನ್ನು ಎಂಟು ಸಾಲಿನ ಚಿಕ್ಕ ಕೋಷ್ಟಕದಲ್ಲಿ ಬರೆದಿಡಿ. ಎರಡು ಮೂರು ಕ್ಲಾಕಿನ ಕೆಲಸ. ಟಾಸ್ಕ್ ಸಂಖ್ಯೆ ಸೊನ್ನೆಯನ್ನು ಮೇಲ್ವಿಚಾರಕನಿಗೆ, ಅಂದರೆ ಉಳಿದವನ್ನು ನಿಯಂತ್ರಿಸುವ ಪ್ರೋಗ್ರಾಮಿಗೆ, ಮೀಸಲಿಡಿ. ಆಗ ಬೇರೆ ಅಧಿಕಾರದ ಬಿಟ್ ಬೇಕಾಗುವುದಿಲ್ಲ.

ಪ್ರಶ್ನೆ: ಜಾವಾ ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ನಡುವೆ ಬಂದೆ, ಕ್ಷಮಿಸಿ. ಜಾವಾ ಬೈಟ್‌ಕೋಡ್ (ಜಾವಾ ಪ್ರೋಗ್ರಾಂ ಕಂಪೈಲ್ ಆದ ರೂಪ) ಕೂಡ ಸ್ಟ್ಯಾಕ್ ಆಧಾರಿತವೇ ಅಲ್ಲವೇ? ಹಾಗಿದ್ದ ಮೇಲೆ ಅದನ್ನು ನೇರವಾಗಿ ಓಡಿಸುವ ಚಿಪ್ ಏಕೆ ಎಲ್ಲೂ ಕಾಣುವುದಿಲ್ಲ?

ಉತ್ತರ:

ಇದ್ದವು, ಸೋತವು. ಸನ್ ಕಂಪನಿ 1990ರ ದಶಕದಲ್ಲಿ ಪಿಕೋಜಾವಾ ಮಾಡಿತ್ತು. ಅದರೊಳಗೆ 64 ಪದಗಳ ಸ್ಟ್ಯಾಕ್ ಕ್ಯಾಶ್. ತುಂಬುತ್ತಾ ಬಂದರೆ ಹಿನ್ನೆಲೆಯಲ್ಲೇ ಮೆಮೊರಿಗೆ ಸುರಿಯುವ, ಬರಿದಾದರೆ ಮತ್ತೆ ಎಳೆದುಕೊಳ್ಳುವ ಏರ್ಪಾಡು. ಸೊಗಸಾದ ವಿನ್ಯಾಸ. ಆರ್ಮ್ ಕಂಪನಿಯದು ಜಝೆಲ್: ಸಾಮಾನ್ಯ ಆರ್ಮ್ ಪ್ರೊಸೆಸರೇ ಬೈಟ್‌ಕೋಡ್ ಓದಲು ತೊಡಗುತ್ತಿತ್ತು, ಸ್ಟ್ಯಾಕಿನ ಮೇಲಿನ ನಾಲ್ಕು ಮೌಲ್ಯಗಳನ್ನು ಮೊದಲ ನಾಲ್ಕು ರಿಜಿಸ್ಟರ್‌ಗಳಲ್ಲೇ ಹಿಡಿದುಕೊಳ್ಳುತ್ತಿತ್ತು.

ಇವನ್ನು ಸೋಲಿಸಿದ್ದು ಇನ್ನೊಂದು ಚಿಪ್ ಅಲ್ಲ, ಕಂಪೈಲರ್. ಜಾವಾದಲ್ಲಿ ಒಂದು ನಿಯಮವಿದೆ. ಕೋಡಿನ ಒಂದು ಜಾಗಕ್ಕೆ ಯಾವ ದಾರಿಯಿಂದ ಬಂದರೂ ಸ್ಟ್ಯಾಕಿನ ಎತ್ತರ ಒಂದೇ ಇರಬೇಕು. ಇಲ್ಲದಿದ್ದರೆ ಪರಿಶೀಲನೆಯಲ್ಲೇ ತಿರಸ್ಕೃತ. ಅಂದರೆ ಓಡುವ ಮೊದಲೇ ಪ್ರತಿ ಮೌಲ್ಯ ಎಷ್ಟನೆಯ ಮೆಟ್ಟಿಲಲ್ಲಿದೆ ಎಂದು ಗೊತ್ತು. ಹಾಗೆ ಗೊತ್ತಿರುವ ಮೆಟ್ಟಿಲಿಗೆ ರಿಜಿಸ್ಟರ್ ಎಂದು ಹೆಸರಿಟ್ಟರೆ ಆಯಿತು, ಸ್ಟ್ಯಾಕ್ ಮಾಯ. ಓಡುವ ಹೊತ್ತಿನಲ್ಲೇ ಅನುವಾದಿಸುವ ಕಂಪೈಲರ್ ಮಾಡುವುದು ಇದನ್ನೇ. ಬ್ರೌಸರ್‌ಗಳು ಓಡಿಸುವ ವೆಬ್‌ಅಸೆಂಬ್ಲಿ ಕೋಡಿನಲ್ಲೂ ಇದೇ ಶಿಸ್ತು. ಅಲ್ಲಿ ಸ್ಟ್ಯಾಕ್ ಎಂಬುದು ಬರೆಯುವ ಕ್ರಮ ಮಾತ್ರ, ಓಡುವಾಗ ಅದು ಇರಬೇಕಾಗಿಲ್ಲ.

ಅನುವಾದಿಸದೆ ಒಂದೊಂದೇ ಬೈಟ್‌ಕೋಡ್ ಓದಿ ನಡೆಸುವವರಿಗೂ ರಿಜಿಸ್ಟರ್ ಕಡೆಗೆ ವಾಲಲು ಕಾರಣವಿತ್ತು. 2005ರ ಒಂದು ಪ್ರಸಿದ್ಧ ಹೋಲಿಕೆಯಲ್ಲಿ ಜಾವಾ ಕೋಡನ್ನು ರಿಜಿಸ್ಟರ್ ರೂಪಕ್ಕೆ ತಿರುಗಿಸಿದಾಗ ನಡೆಸಬೇಕಾದ ಇನ್‌ಸ್ಟ್ರಕ್ಷನ್‌ಗಳು ಶೇ. 47ರಷ್ಟು ಇಳಿದವು, ಕೋಡಿನ ಗಾತ್ರ ಶೇ. 25ರಷ್ಟು ಹಿಗ್ಗಿತು. ಲುವಾ ಭಾಷೆ 2003ರ 5.0 ಆವೃತ್ತಿಯಲ್ಲೇ ಸ್ಟ್ಯಾಕ್ ಬಿಟ್ಟಿತ್ತು. ಆಂಡ್ರಾಯ್ಡ್‌ನ ಡಾಲ್ವಿಕ್ ಹುಟ್ಟಿದ್ದೇ ರಿಜಿಸ್ಟರ್ ಯಂತ್ರವಾಗಿ. ಜಝೆಲ್‌ಗೆ ಆಮೇಲೆ ಕೇಳುವವರಿರಲಿಲ್ಲ.

ಫೋರ್ತ್ ಮಾತ್ರ ಈ ಶಿಸ್ತಿಗೆ ಬಗ್ಗುವುದಿಲ್ಲ. ಅದರಲ್ಲಿ ?ಡೂಪ್ ಎಂಬ ಆಜ್ಞೆಯಿದೆ: ತುದಿಯ ಮೌಲ್ಯ ಸೊನ್ನೆಯಲ್ಲದಿದ್ದರೆ ಮಾತ್ರ ಅದರ ಇನ್ನೊಂದು ಪ್ರತಿ ಮಾಡುತ್ತದೆ. ಎತ್ತರ ಇಷ್ಟೇ ಎಂದು ಓಡಿಸಿ ನೋಡದೆ ಹೇಳಲಾಗದು. ಜಾವಾ ಚಿಪ್ ಸತ್ತರೂ ಫೋರ್ತ್ ಚಿಪ್ಪಿಗೆ ಇನ್ನೂ ಒಂದು ಅರ್ಥವಿರುವುದು ನನ್ನ ಪ್ರಕಾರ ಇದರಿಂದಲೇ.

ಪ್ರಶ್ನೆ: ಮತ್ತೆ ಹಾಸನದ ವಿದ್ಯಾರ್ಥಿನಿ, ಮೂರು ವಾರಗಳ ನಂತರ

ಸರ್, ನೀವು ಹೇಳಿದಂತೆ ಎಂಟು ಟಾಸ್ಕ್ ಓಡುತ್ತಿವೆ. ಟೈಮರ್ ಸೇರಿಸಿದ್ದೇನೆ. ಎರಡು ವಿಚಿತ್ರಗಳಿವೆ. ಒಂದು, ಪ್ರತಿ ಟಾಸ್ಕೂ ಹೊರಳಿದಾಗಲೆಲ್ಲ ಒಂದು ಇನ್‌ಸ್ಟ್ರಕ್ಷನ್ ನುಂಗಿಬಿಡುತ್ತಿದೆ. ಇನ್ನೊಂದು, ಐದನೆಯ ಟಾಸ್ಕಿನಲ್ಲಿ ಎರಡೇ ಮೌಲ್ಯ ಹಾಕಿ ಡೆಪ್ತ್ (ಸ್ಟ್ಯಾಕಿನಲ್ಲಿ ಎಷ್ಟು ಮೌಲ್ಯಗಳಿವೆ) ಎಂದು ಕೇಳಿದರೆ 642 ಎಂದು ಬರುತ್ತಿದೆ.

ಉತ್ತರ:

ಮೊದಲನೆಯದು ಎಲ್ಲರೂ ಒಮ್ಮೆ ಮಾಡುವ ತಪ್ಪು. ಟೈಮರ್ ಬಂದಾಗ ನೀವು ಮಾಮೂಲು ಕಾಲ್ ಇನ್‌ಸ್ಟ್ರಕ್ಷನ್ನಿನ ದಾರಿಯನ್ನೇ ಬಳಸಿರಬೇಕು. ಕಾಲ್ ಉಳಿಸುವುದು ಮುಂದಿನ ವಿಳಾಸವನ್ನು. ಇಲ್ಲಿ ಈಗಿನ ಇನ್‌ಸ್ಟ್ರಕ್ಷನ್ ಇನ್ನೂ ನಡೆದೇ ಇಲ್ಲ. ಆದ್ದರಿಂದ ಈಗಿನ ವಿಳಾಸವನ್ನೇ ಉಳಿಸಬೇಕು.

ಎರಡನೆಯದನ್ನು ನೋಡಿ ನಾನು ನಿಜಕ್ಕೂ ಖುಷಿಪಟ್ಟೆ. 642 ಎಂದರೆ ಐದು ಗುಣಿಸು 128, ಅದಕ್ಕೆ ಎರಡು. ನಿಮ್ಮ ಪಾಯಿಂಟರನ್ನು ಹತ್ತು ಬಿಟ್‌ಗೆ ಹಿಗ್ಗಿಸಿ ಹಾಗೆಯೇ ಓದಲು ಬಿಟ್ಟಿದ್ದೀರಿ. ಟಾಸ್ಕಿಗೆ ತಾನು ಐದನೆಯವನು ಎಂದು ಗೊತ್ತಾಗಿಹೋಯಿತು! 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ವರ್ಚುವಲೈಸೇಶನ್ನಿಗೆ ಹಾಕಿಕೊಟ್ಟ ಷರತ್ತು ಇದನ್ನೇ ಹೇಳುತ್ತದೆ. ಯಂತ್ರದ ನಿಜಸ್ಥಿತಿಯನ್ನು ತೋರಿಸುವ ಅಥವಾ ಬದಲಿಸುವ ಪ್ರತಿಯೊಂದು ಇನ್‌ಸ್ಟ್ರಕ್ಷನ್ನೂ ಸಾಮಾನ್ಯ ಪ್ರೋಗ್ರಾಂ ಬಳಸಿದಾಗ ತಡೆದು ಮೇಲ್ವಿಚಾರಕನಿಗೆ ಒಪ್ಪಿಸುವಂತಿರಬೇಕು. ಇಂಟೆಲ್‌ನ x86 ದಶಕಗಳ ಕಾಲ ಈ ಪರೀಕ್ಷೆಯಲ್ಲಿ ನಪಾಸಾಗಿತ್ತು. ಹಾರ್ಡ್‌ವೇರ್ ನೆರವು ಸೇರಿದ್ದು 2005ರಲ್ಲಿ. ಮೂಲ ಜೆ1ಕ್ಕೆ ಫ್ಲ್ಯಾಗ್ ಇಲ್ಲ, ಮೋಡ್ ಇಲ್ಲ, ಬಚ್ಚಿಟ್ಟ ರಿಜಿಸ್ಟರ್ ಇಲ್ಲ. ಹಾಗಾಗಿ ಗುಟ್ಟು ಸೋರುವ ಕಿಂಡಿ ಈ ಡೆಪ್ತ್ ಒಂದೇ ಎನ್ನಬಹುದು. ತಡೆಯುವ ತಾಪತ್ರಯವೂ ಬೇಡ. ಕೆಳಗಿನ ಏಳು ಬಿಟ್ ಮಾತ್ರ ಹೊರಗೆ ಬಿಡಿ, 2 ಎಂದೇ ಬರುತ್ತದೆ.

ತಡೆಯಲೇಬೇಕಾದದ್ದು ಸಾಧನಗಳನ್ನು. ಜೆ1ರಲ್ಲಿ ವಿಳಾಸದ ಮೇಲಿನ ಎರಡು ಬಿಟ್‌ಗಳಲ್ಲಿ ಒಂದಾದರೂ ಒಂದಾಗಿದ್ದರೆ ಅದು ಮೆಮೊರಿಯಲ್ಲ, ಹೊರಗಿನ ಸಾಧನ. ಟಾಸ್ಕ್ ಸಂಖ್ಯೆ ಸೊನ್ನೆಯಲ್ಲದಿದ್ದು ಅಂಥ ವಿಳಾಸ ಬಂದರೆ ಓದು ಬರಹವನ್ನು ರದ್ದುಮಾಡಿ ಮೇಲ್ವಿಚಾರಕನಿಗೆ ಹೊರಳಿ. ಸೀರಿಯಲ್ ಪೋರ್ಟ್ ಒಂದೇ ಇದ್ದರೂ ಏಳೂ ಟಾಸ್ಕ್‌ಗಳಿಗೆ ತನ್ನದೊಂದು ಇದೆ ಎನ್ನಿಸುವುದು ಹೀಗೆ.

ಇನ್ನೊಂದು ಪ್ರಯೋಗ ಮಾಡಿ ನೋಡಿ. ಮೂರನೆಯ ಟಾಸ್ಕಿನಿಂದ ಮೇಲ್ವಿಚಾರಕನ ಮೆನು ಇರುವ ವಿಳಾಸವನ್ನು ಬರಿಯ ಸಂಖ್ಯೆಯಾಗಿ >ಆರ್ ಎಂಬ ಆಜ್ಞೆಯ ಮೂಲಕ ಎರಡನೆಯ ಸ್ಟ್ಯಾಕಿಗೆ ತಳ್ಳಿ, ತಕ್ಷಣ ರಿಟರ್ನ್ ಮಾಡಿ. ಏನಾಗುತ್ತದೆ ತಿಳಿಸಿ.

ಪ್ರಶ್ನೆ: ಅದೇ ವಿದ್ಯಾರ್ಥಿನಿ, ಅದೇ ರಾತ್ರಿ

ಮೆನು ಬಂತು ಸರ್! ಜಂಪ್, ಕಾಲ್ ಎರಡಕ್ಕೂ ಟಾಸ್ಕ್ ಸಂಖ್ಯೆ ಕಟ್ಟಿದ್ದೆನಲ್ಲ, ಹೇಗೆ ನುಸುಳಿತು?

ಉತ್ತರ:

ಜೆ1ರಲ್ಲಿ ರಿಟರ್ನ್ ಎಂಬುದು ಪ್ರತ್ಯೇಕ ಇನ್‌ಸ್ಟ್ರಕ್ಷನ್ ಅಲ್ಲ, ಲೆಕ್ಕದ ಇನ್‌ಸ್ಟ್ರಕ್ಷನ್ನಿನ ಒಳಗೊಂದು ಬಿಟ್. ಆ ದಾರಿಗೆ ಕಾವಲು ಹಾಕುವುದನ್ನು ಮರೆತಿದ್ದೀರಿ. ದಾರಿದಾರಿಗೂ ಕಾವಲಿಡುವ ಬದಲು ಕೋಡ್ ಮೆಮೊರಿಯ ಬಾಗಿಲಲ್ಲೇ ಇಡಿ: ವಿಳಾಸ ಎಲ್ಲಿಂದಲಾದರೂ ಬರಲಿ, ಮೇಲಿನ ಮೂರು ಬಿಟ್ ಯಾವಾಗಲೂ ಟಾಸ್ಕ್ ಸಂಖ್ಯೆಯೇ.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಿಂದೆ ನಾನಿದ್ದ ಒಂದು ಸಂಸ್ಥೆಯಲ್ಲಿ 32 ಆಳದ ಸ್ಟ್ಯಾಕಿನ ಯಂತ್ರವೊಂದು ವಾರಕ್ಕೊಮ್ಮೆ ಎಲ್ಲೋ ಹಾರಿಹೋಗುತ್ತಿತ್ತು. ಮುಖ್ಯ ಪ್ರೋಗ್ರಾಂ 30ರ ಆಳದಲ್ಲಿದ್ದಾಗಲೇ ಇಂಟರಪ್ಟ್ (ನಡುವೆ ತಡೆದು ಬೇರೆ ಕೋಡ್ ಓಡಿಸುವ ಸಂಕೇತ) ಬಂದು, ಅದರ ಕೋಡ್ ಮೂರು ಪದ ತಳ್ಳುತ್ತಿತ್ತು. ಸುತ್ತಿ ಬಂದ ಮೂರನೆಯದು ತಳದ ಮೌಲ್ಯವನ್ನು ಅಳಿಸುತ್ತಿತ್ತು. ಹುಡುಕಲು ಎರಡು ತಿಂಗಳು ಹಿಡಿಯಿತು. ಸುತ್ತುವ ಸ್ಟ್ಯಾಕ್ ಪಕ್ಕದವರನ್ನು ಕಾಯುತ್ತದೆ, ಸ್ವಂತದವರನ್ನಲ್ಲ.

ಅದಕ್ಕೂ ನಿಮ್ಮ ಬಳಿ ಮದ್ದಿದೆ. ಬ್ಲಾಕ್ ರ‍್ಯಾಮ್ 18 ಬಿಟ್ ಅಗಲ, ನಿಮ್ಮ ಪದ 16. ಎರಡು ಬಿಟ್ ಸುಮ್ಮನೆ ಬಿದ್ದಿವೆ. ಎರಡನೆಯ ಸ್ಟ್ಯಾಕಿನಲ್ಲಿ ಕಾಲ್ ಅಥವಾ ಟಾಸ್ಕ್ ಬದಲಾವಣೆ ಬರೆದ ಪದಕ್ಕೆ ಒಂದು ಬಿಟ್ 1, >ಆರ್ ಬರೆದದ್ದಕ್ಕೆ 0. ರಿಟರ್ನ್ ಮಾಡುವಾಗ 0 ಕಂಡರೆ ಮೇಲ್ವಿಚಾರಕನಿಗೆ ಒಪ್ಪಿಸಿ. ಬರೋಸ್ ಕಂಪನಿ 1960ರ ದಶಕದಲ್ಲೇ ಬಿ6500 ಯಂತ್ರದ ಪ್ರತಿ 48 ಬಿಟ್ ಪದಕ್ಕೂ 3 ಬಿಟ್ ಟ್ಯಾಗ್ ಹಚ್ಚಿ ಇದನ್ನೇ ಮಾಡುತ್ತಿತ್ತು. ಅದರ ವಂಶದ ಆಪರೇಟಿಂಗ್ ಸಿಸ್ಟಂ ಇಂದಿಗೂ ಬದುಕಿದೆ, ಇಂಟೆಲ್ ಪ್ರೊಸೆಸರ್‌ಗಳ ಮೇಲೆ ಹಳೆಯ ಸ್ಟ್ಯಾಕ್ ಯಂತ್ರದ ಅನುಕರಣೆಯೊಳಗೆ ಓಡುತ್ತಾ. ಮಾರ್ಗದರ್ಶಕರು ಮತ್ತೆ "ಕಾಲ ಮುಗಿದಿದೆ" ಎಂದರೆ ಈ ಸಂಗತಿ ಹೇಳಿ. ಟ್ಯಾಗ್ ಬಿಟ್ ಸೇರಿಸಿದ ಮೇಲೆ ಅದೇ ಪ್ರಯೋಗವನ್ನು ಇನ್ನೊಮ್ಮೆ ಓಡಿಸಿ, ಆಗಲೂ ಮೆನು ಬಂದರೆ ವೆರಿಲಾಗ್ ಫೈಲನ್ನೇ ಇಲ್ಲಿ ಹಾಕಿ.